ತುಟ್ಟಿ ಎಲ್ಲರಿಗೂ, ಭತ್ಯೆ ಕೆಲವರಿಗೆ

ಹಣದುಬ್ಬರ ಇಳಿಯಿತಂತೆ! 2025ರ ಅಕ್ಟೋಬರಿನಲ್ಲಿ ದೇಶದ ಚಿಲ್ಲರೆ ಹಣದುಬ್ಬರ ಶೇಕಡಾ 0.25ಕ್ಕೆ ಬಂತು ಎಂದು ದಿಲ್ಲಿಯಿಂದ ಸುದ್ದಿ ಹೊರಟಿತು. ದಾವಣಗೆರೆಯ ಕಿರಾಣಿ ಅಂಗಡಿ ಮುಂದೆ ಚೀಲ ಹಿಡಿದು ನಿಂತವರು ಇದಕ್ಕೆ ಕೇಳುವ ಪ್ರಶ್ನೆ ಒಂದೇ: "ಹಂಗಾದ್ರೆ ರೇಟು ಯಾಕ್ರೀ ಇಳಿದಿಲ್ಲ?"

ಇಳಿದದ್ದು ಬೆಲೆಯಲ್ಲ, ಬೆಲೆ ಏರುವ ವೇಗ. 2024ರ ಅಕ್ಟೋಬರಿನಲ್ಲಿ ಹಣದುಬ್ಬರ 6.21 ಇತ್ತು. ಅಂದರೆ ಅದಕ್ಕೆ ಒಂದು ವರ್ಷ ಹಿಂದೆ 100 ರೂ.ಗೆ ಬರುತ್ತಿದ್ದ ಸಾಮಾನಿಗೆ 106 ರೂ. 21 ಪೈಸೆ ಆಗಿತ್ತು. ಮರುವರ್ಷದ 0.25 ಸೇರಿ 106 ರೂ. 48 ಪೈಸೆ. ಅಟ್ಟ ಹತ್ತಿದ ಬೆಲೆ ಅಟ್ಟದಲ್ಲೇ ಕೂತಿತು. ತರಕಾರಿ ಅಗ್ಗವಾದದ್ದು ನಿಜ. ಆದರೆ ಹಾಲು? ನಂದಿನಿ ನೀಲಿ ಪ್ಯಾಕೆಟ್ಟಿನ ಹಾಲು 2023ರ ಜುಲೈವರೆಗೆ ಲೀಟರಿಗೆ 39 ರೂ. ಇತ್ತು. ಆಗಸ್ಟಿನಲ್ಲಿ 42 ಆಯಿತು. 2024ರಲ್ಲಿ 50 ಮಿಲಿ ಹೆಚ್ಚಿಗೆ ಹಾಕಿ 2 ರೂ. ಕಿತ್ತರು. 2025ರ ಏಪ್ರಿಲಿನಲ್ಲಿ ಆ 50 ಮಿಲಿಯೂ ಹೋಯಿತು, ಬೆಲೆ 46ಕ್ಕೆ ನಿಂತಿತು.

ಬೆಲೆ ಏರಿದಂತೆ ಆದಾಯವೂ ಏರುವವನಿಗೆ ಇದು ಬರೀ ಕಿರಿಕಿರಿ. ಏರದವನ ಗತಿ ಏನು?

ಹತ್ತಿ ಮಿಲ್ಲುಗಳಿಂದಾಗಿ ಒಂದು ಕಾಲಕ್ಕೆ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡ ಊರಿದು. ಮಿಲ್ಲು, ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರಿಗೆ ಸಿಗುವುದು 1995ರ ನೌಕರರ ಪಿಂಚಣಿ ಯೋಜನೆಯ ಹಣ. 2014ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರ ಇದರ ಕನಿಷ್ಠ ಮೊತ್ತವನ್ನು ತಿಂಗಳಿಗೆ 1000 ರೂ. ಎಂದು ಗೊತ್ತುಮಾಡಿತು. ಹತ್ತು ವರ್ಷ ಕಳೆದು 2024ರ ಸೆಪ್ಟೆಂಬರ್ ಬಂದಾಗಲೂ ಅದೇ ಸಾವಿರ! ಈ ನಡುವೆ ಸರಕಾರದ್ದೇ ಬೆಲೆ ಸೂಚ್ಯಂಕ ಸುಮಾರು 120ರಿಂದ 194ರ ಆಸುಪಾಸಿಗೆ ಏರಿತ್ತು. ಆಗ ಸಾವಿರಕ್ಕೆ ಬರುತ್ತಿದ್ದ ಸಾಮಾನಿಗೆ ಈಗ 1600ರ ಮೇಲೆ ಬೇಕು. ತಿರುಗಿಸಿ ನೋಡಿದರೆ, ಮುದುಕರ ಕೈಗೆ ಬಂದ ಸಾವಿರದ ಕಿಮ್ಮತ್ತು ಹಳೇ ಲೆಕ್ಕದಲ್ಲಿ ಬರೀ 620. ಯಾರೂ ಕತ್ತರಿ ಹಾಕಲಿಲ್ಲ, ಆದೇಶ ಹೊರಡಿಸಲಿಲ್ಲ, ಹಣ ಮಾತ್ರ ಸವೆಯಿತು.

ದಿನಕ್ಕೆ ಅರ್ಧ ಲೀಟರ್ ಹಾಲು ಎಂದರೂ ತಿಂಗಳಿಗೆ ಏಳುನೂರರ ಹತ್ತಿರ. ಉಳಿದ ಮುನ್ನೂರರಲ್ಲಿ ಅಕ್ಕಿಯೋ, ಬಿ.ಪಿ. ಗುಳಿಗೆಯೋ, ಕರೆಂಟ್ ಬಿಲ್ಲೋ? ಮಕ್ಕಳು ಕೈಹಿಡಿದರೆ ಸರಿ, ಇಲ್ಲದಿದ್ದರೆ ಅಂಗಡಿಯ ಉದ್ರಿ ಪುಸ್ತಕವೇ ಗತಿ.

ಇನ್ನೊಂದು ಕಡೆ ನೋಡಿ. ಕೇಂದ್ರ ಸರಕಾರಿ ನೌಕರರಿಗೆ ವರ್ಷಕ್ಕೆರಡು ಸಲ ಸೂಚ್ಯಂಕ ನೋಡಿ ತುಟ್ಟಿಭತ್ಯೆ ಏರುತ್ತದೆ. ಕೋವಿಡ್ ಕಾಲದಲ್ಲಿ ತಡೆಹಿಡಿದದ್ದು ಬಿಟ್ಟರೆ ಈ ಕ್ರಮ ತಪ್ಪಿಲ್ಲ. 2016ರ ಜನವರಿಯಲ್ಲಿ ಹೊಸ ವೇತನದೊಂದಿಗೆ ಸೊನ್ನೆಯಿಂದ ಶುರುವಾದ ಭತ್ಯೆ 2024ರ ಜನವರಿಗೆ ಶೇ. 50 ಮುಟ್ಟಿತು. ಅವರ ನಿವೃತ್ತರಿಗೂ ಉಂಟು. ಅದು ತಪ್ಪೆಂದಲ್ಲ, ಸರಿಯೇ. ಒಂದೇ ಸಂತೆಯಲ್ಲಿ ಒಂದೇ ಧಾರಣೆಗೆ ಕೊಳ್ಳುವ ಇಬ್ಬರಲ್ಲಿ ಒಬ್ಬನಿಗೆ ಮಾತ್ರ ಕೊಡೆ ಯಾಕೆ ಎಂಬುದೇ ಪ್ರಶ್ನೆ. (2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಗೂ ಇದೇ ರೋಗ: ಗೊತ್ತುಮಾಡಿದ್ದು 2000, ಬೆಲೆಯ ಜೊತೆ ಏರುವ ಏರ್ಪಾಡಿಲ್ಲ.)

ಪಿಂಚಣಿ ನಿಧಿಯಲ್ಲಿ ಹಣ ಸಾಲದು ಎಂಬುದು ಸರಕಾರದ ಉತ್ತರ. ಪೂರ್ತಿ ಸುಳ್ಳೇನಲ್ಲ, ಈಗಿನ ಸಾವಿರ ತುಂಬಿಸಲಿಕ್ಕೇ ಬಜೆಟ್ಟಿನಿಂದ ಹಣ ಹೋಗುತ್ತದೆ. ಆದರೆ ಕಾರ್ಮಿಕನ ಹೆಸರಲ್ಲಿ ಮಾಲೀಕ ಸಂಬಳದ ಶೇ. 8.33 ಕಟ್ಟಿದ ಹಣವಿದು, ದಾನವಲ್ಲ. ನಿವೃತ್ತರು ಕೇಳುತ್ತ ಬಂದಿರುವುದು ಕನಿಷ್ಠ 7500 ರೂ. ಮತ್ತು ತುಟ್ಟಿಭತ್ಯೆ. ಭಾಷಣದಲ್ಲಿ ಎಲ್ಲರೂ ಹಿಡಿದುಕೊಳ್ಳುವುದು ಮೊದಲನೆಯದನ್ನ. ಎರಡನೆಯದು ಇಲ್ಲದೆ ಏಳೂವರೆ ಸಾವಿರ ಕೊಟ್ಟರೂ, ಹಿಂದಿನ ಹತ್ತು ವರ್ಷದಂತೆಯೇ ಬೆಲೆ ಏರಿದರೆ ಇನ್ನು ಹತ್ತು ವರ್ಷಕ್ಕೆ ಅದರಲ್ಲಿ ಉಳಿಯುವ ಕಿಮ್ಮತ್ತು ನಾಲ್ಕೂಮುಕ್ಕಾಲು ಸಾವಿರವೂ ಇಲ್ಲ.