ಮಜ್ಜಿಗೆ ಔಷಧವಲ್ಲ, ಅದಕ್ಕೇ ದಿನವೂ ಬೇಕು

ಹೊಟ್ಟೆಯ ಆರೋಗ್ಯದ ಹೆಸರಿನಲ್ಲಿ ಮಾರಾಟವಾಗುವ ಪಾನೀಯಗಳ ಸಾಲು ನಮ್ಮ ಪಟ್ಟಣದ ಅಂಗಡಿಗಳಲ್ಲಿ ಉದ್ದವಾಗುತ್ತಲೇ ಇದೆ. ಅಂಗೈಯಲ್ಲಿ ಅಡಗುವ ಬಾಟಲಿಯ ಪ್ರೋಬಯಾಟಿಕ್ ಹಾಲು, ಹಣ್ಣಿನ ರುಚಿಯ ಯೋಗರ್ಟ್ ಪಾನೀಯ, ಆನ್‌ಲೈನಿನಲ್ಲಿ ತರಿಸಿಕೊಳ್ಳುವ ಕೆಫಿರ್ ಹರಳು, ಹೀಗೆ. ಇತ್ತ ಪ್ಯಾಕೆಟ್ ಮೊಸರು ಸಲೀಸಾಗಿ ಸಿಗುವ ಮನೆಗಳಲ್ಲಿ ರಾತ್ರಿ ಹಾಲಿಗೆ ಹೆಪ್ಪು ಹಾಕುವ ರೂಢಿ ಸಡಿಲವಾಗಿದೆ. ಮನೆಯಲ್ಲಿ ಕೈಬಿಟ್ಟದ್ದನ್ನು ಅಂಗಡಿಯಲ್ಲಿ ಹತ್ತಾರು ಪಟ್ಟು ಬೆಲೆ ಕೊಟ್ಟು ಕೊಳ್ಳುವುದು ನಷ್ಟದ ವ್ಯಾಪಾರ ಎಂಬುದು ನನ್ನ ವಾದ. ಹಾಗೆಂದು ಹಿಂದಿನವರು ಕುಡಿದದ್ದೆಲ್ಲ ಅಮೃತ ಎಂದು ಸಾಧಿಸುವ ಉದ್ದೇಶ ಇಲ್ಲಿಲ್ಲ. ಮನೆಯ ಮಜ್ಜಿಗೆಯ ಬಗ್ಗೆ ಓಡಾಡುವ ಹಲವು ಮಾತುಗಳಿಗೆ ಪುರಾವೆಯಿಲ್ಲ. ಪುರಾವೆ ಇರುವ ಮಾತುಗಳು ಕಡಿಮೆ, ಆದರೆ ದಿನವೂ ಹೆಪ್ಪು ಹಾಕಲು ಅಷ್ಟು ಕಾರಣ ಸಾಕು.

ಹುಳಿತ ಹಾಲಿಗೆ ವಿಜ್ಞಾನದ ಮನ್ನಣೆ ತಂದುಕೊಟ್ಟವರಲ್ಲಿ ಮುಖ್ಯರು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಎಲಿ ಮೆಚ್ನಿಕಾಫ್. ಬಲ್ಗೇರಿಯಾದ ಹಳ್ಳಿಗರ ದೀರ್ಘಾಯುಷ್ಯಕ್ಕೂ ಅವರು ತಿನ್ನುವ ಮೊಸರಿಗೂ ಸಂಬಂಧವಿದೆ ಎಂದು ಮೆಚ್ನಿಕಾಫ್ ನಂಬಿದ್ದರು. 1908ರಲ್ಲಿ ಅವರಿಗೆ ನೊಬೆಲ್ ಬಂದದ್ದು ರೋಗನಿರೋಧಕ ಶಕ್ತಿಯ ಸಂಶೋಧನೆಗೆ, ಮೊಸರಿನ ಸಿದ್ಧಾಂತಕ್ಕಲ್ಲ. ಪ್ರಚಾರದ ಬರಹಗಳು ಇವೆರಡನ್ನೂ ಬೆರೆಸಿಬಿಡುತ್ತವೆ. ಜಪಾನಿನ ಮಿನೊರು ಶಿರೋಟಾ 1930ರಲ್ಲಿ ಕರುಳಿನ ತನಕ ಬದುಕಿ ತಲುಪಬಲ್ಲ ಒಂದು ತಳಿಯನ್ನು ಬೇರ್ಪಡಿಸಿದರು. ಐದು ವರ್ಷದ ನಂತರ ಅದು ಯಾಕುಲ್ಟ್ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂತು. ಇಂದು ಭಾರತದಲ್ಲಿ ಸಿಗುವ ಅದರ 65 ಮಿಲಿಲೀಟರ್ ಬಾಟಲಿಯಲ್ಲಿ 650 ಕೋಟಿ ಬ್ಯಾಕ್ಟೀರಿಯಾ ಇವೆಯೆಂದು ಕಂಪನಿ ಹೇಳುತ್ತದೆ. ಪ್ರೋಬಯಾಟಿಕ್ ಎನಿಸಿಕೊಳ್ಳಲು ಜೀವಂತ ಸೂಕ್ಷ್ಮಾಣುವಿದ್ದರೆ ಸಾಲದು, ತಕ್ಕ ಪ್ರಮಾಣದಲ್ಲಿ ಸೇವಿಸಿದಾಗ ಅದರಿಂದ ಆರೋಗ್ಯಕ್ಕೆ ಲಾಭವಾಗಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಆಹಾರ ಕೃಷಿ ಸಂಸ್ಥೆಯ ತಜ್ಞರು 2001ರಲ್ಲಿ ನಿಗದಿಪಡಿಸಿದರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ 2011ರಲ್ಲಿ ತಂದ ಮಾರ್ಗಸೂಚಿಯೂ ತಳಿಯನ್ನು ಗುರುತಿಸಿ ಪರೀಕ್ಷಿಸಬೇಕೆಂದೇ ಹೇಳುತ್ತದೆ.

ಇಲ್ಲಿಯೇ ಮೊದಲ ಆಕ್ಷೇಪ ಏಳುತ್ತದೆ. ನಮ್ಮ ಮನೆಯ ಹೆಪ್ಪಿನಲ್ಲಿ ಯಾವ ತಳಿ ಇದೆ, ಎಷ್ಟಿದೆ ಎಂದು ಯಾರೂ ಪರೀಕ್ಷಿಸಿಲ್ಲ. ಒಂದು ಮನೆಯ ಮೊಸರು ಪಕ್ಕದ ಮನೆಯದರಂತೆ ಇರುವುದಿಲ್ಲ, ಚಳಿಗಾಲದ್ದು ಬೇಸಿಗೆಯದರಂತೆ ಇರುವುದಿಲ್ಲ. ಈ ಆಕ್ಷೇಪ ನೂರಕ್ಕೆ ನೂರು ಸರಿ. ಕೋಲ್ಕತ್ತದ ಬಡಾವಣೆಗಳಲ್ಲಿ 1ರಿಂದ 5 ವರ್ಷದ ಸುಮಾರು 3,700 ಮಕ್ಕಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 12 ವಾರ ಶಿರೋಟಾ ತಳಿಯ ಪಾನೀಯ ಕುಡಿದ ಮಕ್ಕಳಲ್ಲಿ ಅತಿಸಾರ ಶೇ 14ರಷ್ಟು ಕಡಿಮೆ ಕಂಡಿತು. ಆ ಫಲಿತಾಂಶವನ್ನು ಎತ್ತಿ ಮನೆಯ ಮಜ್ಜಿಗೆಯ ಖಾತೆಗೆ ಹಾಕುವುದು ತಪ್ಪು. ಆದರೆ ತಳಿಗೆ ಹೆಸರಿದ್ದ ಮಾತ್ರಕ್ಕೆ ಎಲ್ಲ ಹೊಟ್ಟೆಗೂ ಅದು ಮದ್ದಾಗುವುದಿಲ್ಲ ಎಂಬುದನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರಲ್ಲಿ ಇದ್ದಬದ್ದ ಪುರಾವೆಗಳನ್ನೆಲ್ಲ ಜಾಲಾಡಿ, ಬಹುಪಾಲು ಜೀರ್ಣಾಂಗ ಕಾಯಿಲೆಗಳಿಗೆ ಪ್ರೋಬಯಾಟಿಕ್ ಶಿಫಾರಸು ಮಾಡುವಷ್ಟು ಆಧಾರವಿಲ್ಲ ಎಂದಿತು. ಚಿಕಿತ್ಸೆಯಾಗಿ ಬಾಟಲಿಗೇ ಇಷ್ಟು ಸೀಮಿತ ಬೆಂಬಲವಿರುವಾಗ, ಆರೋಗ್ಯವಂತರು ಕೇಳಬೇಕಾದ ಪ್ರಶ್ನೆ ಬೇರೆ: ದಿನದ ಆಹಾರವಾಗಿ ಯಾವುದು ಒಳ್ಳೆಯದು?

ಆಹಾರವಾಗಿ ನೋಡಿದರೆ ಮಜ್ಜಿಗೆಯ ಪಕ್ಷ ಗಟ್ಟಿಯಾಗಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಅರಗಿಸುವ ಕಿಣ್ವ ಬಾಲ್ಯ ಕಳೆದ ಮೇಲೆ ಬಹಳ ಜನರಲ್ಲಿ ಕುಗ್ಗುತ್ತದೆ. ಭಾರತದಲ್ಲಿ ಈ ಕೊರತೆ ಉತ್ತರದವರಿಗಿಂತ ದಕ್ಷಿಣದವರಲ್ಲಿ ಹೆಚ್ಚು. ದೊಡ್ಡ ಲೋಟ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುತ್ತದೆ, ಮೊಸರು ತಿಂದರೆ ಏನೂ ಆಗುವುದಿಲ್ಲ ಎನ್ನುವವರ ಅನುಭವಕ್ಕೆ ಸಾಮಾನ್ಯ ಕಾರಣ ಇದೇ. ಹೆಪ್ಪಿನ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಲ್ಯಾಕ್ಟಿಕ್ ಆಮ್ಲವಾಗಿ ಮಾರ್ಪಡಿಸುತ್ತವೆ. ಯೋಗರ್ಟಿನ ಎರಡು ಬ್ಯಾಕ್ಟೀರಿಯಾಗಳಂತೂ ಕರುಳಿಗೆ ಇಳಿದ ಮೇಲೆ ತಮ್ಮೊಳಗಿನ ಕಿಣ್ವವನ್ನು ಬಿಟ್ಟುಕೊಟ್ಟು ಉಳಿದದ್ದನ್ನೂ ಅರಗಿಸಲು ನೆರವಾಗುತ್ತವೆ. ಪ್ರೋಬಯಾಟಿಕ್ ಹೇಳಿಕೆಗಳನ್ನು ಒಂದರ ಮೇಲೊಂದರಂತೆ ತಿರಸ್ಕರಿಸಿದ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಕೂಡ 2010ರಲ್ಲಿ ಇದೊಂದನ್ನು ಒಪ್ಪಿಕೊಂಡಿತು. ಮನೆಯ ಮೊಸರಿನಲ್ಲಿ ಅದೇ ಜೋಡಿ ಇದೆಯೆಂದು ಖಚಿತವಾಗಿ ಹೇಳಲಾಗದು. ಲ್ಯಾಕ್ಟೊಕಾಕಸ್ ಕುಲದವು ಹೆಚ್ಚಾಗಿರಬಹುದು. ಆದರೆ ಮಜ್ಜಿಗೆಗೆ ಇನ್ನೊಂದು ಅನುಕೂಲವಿದೆ. 200 ಮಿಲಿಲೀಟರ್ ಹಾಲಿನಲ್ಲಿ 9ರಿಂದ 10 ಗ್ರಾಂ ಲ್ಯಾಕ್ಟೋಸ್ ಇರುತ್ತದೆ. 50 ಗ್ರಾಂ ಮೊಸರಿಗೆ ಮೂರು ಪಾಲು ನೀರು ಬೆರೆಸಿ ಕಡೆದ ಅಷ್ಟೇ ಲೋಟ ಮಜ್ಜಿಗೆಯಲ್ಲಿ ಇರುವುದು 2 ಗ್ರಾಂ ಆಸುಪಾಸು. ಅದರ ಜೊತೆಗೆ ಬೇಸಿಗೆಯಲ್ಲಿ ದೇಹಕ್ಕೆ ನೀರೂ ಸಿಗುತ್ತದೆ. ರಾಮನವಮಿಯ ಬಿಸಿಲಿಗೆ ನೀರುಮಜ್ಜಿಗೆ ಹಂಚುವುದರಲ್ಲಿ ವಿವೇಕವಿದೆ.

ಪ್ರಮಾಣದ ವಿಷಯಕ್ಕೆ ಬರೋಣ, ನನ್ನ ವಾದದ ಮುಖ್ಯ ಆಧಾರ ಅದೇ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 36 ಆರೋಗ್ಯವಂತರು ಭಾಗವಹಿಸಿದ್ದರು. ಅವರಲ್ಲಿ ಅರ್ಧ ಜನ 10 ವಾರ ಯೋಗರ್ಟ್, ಕೆಫಿರ್, ಕಿಮ್ಚಿಯಂಥ ಹುದುಗಿಸಿದ ಆಹಾರವನ್ನು ಹೆಚ್ಚಿಸಿಕೊಂಡರು. ಅವರ ಕರುಳಿನ ಸೂಕ್ಷ್ಮಾಣುಗಳ ವೈವಿಧ್ಯ ಏರಿತು, ಉರಿಯೂತ ಸೂಚಿಸುವ 19 ಪ್ರೋಟೀನುಗಳ ಮಟ್ಟ ಇಳಿಯಿತು. ಚಿಕ್ಕ ಅಧ್ಯಯನ ನಿಜ. ಇಷ್ಟರಿಂದಲೇ ತೀರ್ಪು ಕೊಡಲಾಗದು. ಆದರೆ ಅವರು ದಿನಕ್ಕೆ ಸರಾಸರಿ ಆರು ಪಾಲು ಹುದುಗಿದ ಆಹಾರ ಸೇವಿಸುತ್ತಿದ್ದರು ಎಂಬುದನ್ನು ಗಮನಿಸಬೇಕು. ವಾರಕ್ಕೆರಡು ಬಾರಿ ಕೊಳ್ಳುವ ಪುಟ್ಟ ಬಾಟಲಿ ಈ ಮಟ್ಟಕ್ಕೆ ಎಂದೂ ಏರದು. ಹೊಟ್ಟೆಗೆ ಇಳಿದ ಇಂಥ ಬ್ಯಾಕ್ಟೀರಿಯಾಗಳು ಸಾಮಾನ್ಯವಾಗಿ ಅಲ್ಲಿ ನೆಲೆ ನಿಲ್ಲುವುದೂ ಇಲ್ಲ, ಕೆಲವೇ ದಿನಗಳಲ್ಲಿ ಹೊರಹೋಗುತ್ತವೆ. ಹಾಗಾಗಿ ಲಾಭ ಬೇಕಾದವರು ದಿನವೂ ಸೇವಿಸಬೇಕು. ದಿನವೂ ಎಂದ ಮೇಲೆ ಅದು ಇಡೀ ಕುಟುಂಬದ ಕೈಗೆಟುಕುವಂತಿರಬೇಕು. ಒಂದು ಲೀಟರ್ ಹಾಲಿನಿಂದ ಮೇಲಿನ ಲೆಕ್ಕದಲ್ಲಿ ಸುಮಾರು 20 ಲೋಟ ಮಜ್ಜಿಗೆ ಆಗುತ್ತದೆ, ಸಕ್ಕರೆಯ ಹಂಗಿಲ್ಲದೆ. ದುಡಿಯುವ ಮನೆಯ ಮಗುವಿಗೂ ಮುದುಕರಿಗೂ ಸಿಗಬಹುದಾದ ಹುದುಗಿದ ಆಹಾರ ಇದು.

ಮನೆಯದು ಅಷ್ಟು ಶುಚಿಯೇ ಎಂಬ ಸಂದೇಹವೂ ನ್ಯಾಯವಾದದ್ದೇ. ಉತ್ತರ ಮಾಡುವ ರೀತಿಯಲ್ಲಿದೆ. ಹಾಲನ್ನು ಚೆನ್ನಾಗಿ ಕಾಯಿಸಲೇಬೇಕು. ಹಸಿ ಹಾಲಿನಿಂದ ಬ್ರುಸೆಲ್ಲಾದಂಥ ಸೋಂಕು ಬರುತ್ತದೆ, ಹುಳಿಯೊಂದೇ ಅದನ್ನು ತಡೆಯುತ್ತದೆಂದು ನಂಬುವಂತಿಲ್ಲ. ಉಗುರುಬೆಚ್ಚಗೆ, ಅಂದರೆ 40 ಡಿಗ್ರಿಯ ಆಸುಪಾಸಿಗೆ ಇಳಿದಾಗ ಹೆಪ್ಪು ಬೆರೆಸಬೇಕು. ಬಿಸಿ ಹೆಚ್ಚಿದ್ದರೆ ಹೆಪ್ಪು ಸಾಯುತ್ತದೆ, ತೀರ ತಣ್ಣಗಿದ್ದರೆ ಮೊಸರಾಗುವುದು ನಿಧಾನವಾಗಿ ಬೇಡದ ಸೂಕ್ಷ್ಮಾಣುಗಳಿಗೆ ಸಮಯ ಸಿಗುತ್ತದೆ. ಮಡಿಕೇರಿಯ ಚಳಿಯಲ್ಲಿ ಪಾತ್ರೆಗೆ ಬಟ್ಟೆ ಸುತ್ತಿಡುವುದೂ ರಾಯಚೂರಿನ ಬೇಸಿಗೆಯಲ್ಲಿ ಬೇಗ ಫ್ರಿಜ್ಜಿಗೆ ಸೇರಿಸುವುದೂ ಈ ಕಾರಣಕ್ಕೆ. ಪಿಎಚ್ 4.6ರ ಆಸುಪಾಸಿಗೆ ಇಳಿದಾಗ ಹಾಲು ಗಟ್ಟಿಯಾಗುತ್ತದೆ. ಆ ಹುಳಿಯಲ್ಲಿ ಹೆಚ್ಚಿನ ರೋಗಾಣುಗಳು ಬೆಳೆಯಲಾರವು. ನೊರೆ, ಕೆಟ್ಟ ವಾಸನೆ, ಬಣ್ಣದ ಚುಕ್ಕೆ ಕಂಡರೆ ಚೆಲ್ಲಿ ಹೊಸ ಹೆಪ್ಪು ತರಬೇಕು. ಬೆರೆಸುವ ನೀರು ಕುಡಿಯಲು ಯೋಗ್ಯವಾಗಿರಬೇಕು. ಮನೆಯ ಮಜ್ಜಿಗೆಯಿಂದ ಹೊಟ್ಟೆ ಕೆಡಲು ಹಾಲಿಗಿಂತ ನೀರು ಕಾರಣವಾಗುವುದು ಸುಲಭ. ಉಪ್ಪಿನ ಬಗ್ಗೆಯೂ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಮಿಗಿಂತ ಕಡಿಮೆ ಉಪ್ಪು ಸಾಕೆನ್ನುತ್ತದೆ, ಅರ್ಧ ಚಮಚದಲ್ಲೇ ಅದರ ಅರ್ಧ ಮುಗಿಯುತ್ತದೆ. ಶುಂಠಿ, ಕರಿಬೇವು, ಇಂಗು ಇದ್ದರೆ ಚಿಟಿಕೆ ಉಪ್ಪು ಸಾಲುತ್ತದೆ. ಮಜ್ಜಿಗೆಹುಳಿ ಎಷ್ಟೇ ರುಚಿಯಾಗಿದ್ದರೂ ಕುದಿಸಿದ್ದರಲ್ಲಿ ಬ್ಯಾಕ್ಟೀರಿಯಾ ಬದುಕಿರುವುದಿಲ್ಲ. ಇನ್ನು ಕೆಫಿರ್: ಕಾಕಸಸ್ ಸೀಮೆಯ ಆ ಪಾನೀಯದಲ್ಲಿ ಬ್ಯಾಕ್ಟೀರಿಯಾದ ಜೊತೆ ಯೀಸ್ಟ್ ಕೂಡ ಇದೆ. ಇಷ್ಟಪಡುವವರು ಮಾಡಿಕೊಳ್ಳಲಿ, ಆದರೆ ಮಜ್ಜಿಗೆ ಬಿಟ್ಟು ಅದಕ್ಕೆ ಹೋಗಲು ಬಲವಾದ ಕಾರಣ ನನಗೆ ಕಾಣುವುದಿಲ್ಲ.

ಗ್ರಹಣಿ, ಮೂಲವ್ಯಾಧಿಗೆ ಮಜ್ಜಿಗೆ ಶ್ರೇಷ್ಠವೆಂದು ಚರಕ ಸಂಹಿತೆ ಹೇಳಿದೆಯಲ್ಲ ಎಂದು ಕೆಲವರು ಕೇಳಬಹುದು. ಆ ಗ್ರಂಥದ ಗೌರವ ಅದಕ್ಕಿರಲಿ; ಮಲದಲ್ಲಿ ರಕ್ತ, ಕಾರಣವಿಲ್ಲದೆ ಇಳಿಯುವ ತೂಕ, ವಾರಗಟ್ಟಲೆ ನಿಲ್ಲದ ಭೇದಿ ಇದ್ದವರು ಮಜ್ಜಿಗೆ ಕುಡಿದು ಕಾಯುತ್ತ ಕೂರಬಾರದು, ವೈದ್ಯರಲ್ಲಿಗೆ ಹೋಗಬೇಕು. ಮಗುವಿಗೆ ಭೇದಿಯಾದಾಗ ಮೊದಲು ಬೇಕಾದದ್ದು ಓಆರ್‌ಎಸ್. ಕೀಮೋಥೆರಪಿಯಲ್ಲಿರುವವರು, ಅಂಗಾಂಗ ಕಸಿಯಾದವರು ಮನೆಯ ಹೆಪ್ಪಿನ ಮೊಸರಿಗೂ ವೈದ್ಯರ ಒಪ್ಪಿಗೆ ಪಡೆಯಬೇಕು. ಹೆಪ್ಪು ಹಾಕಲು ಬಿಡುವಿಲ್ಲದ, ಹಾಸ್ಟೆಲ್ಲಿನಲ್ಲೋ ಬಾಡಿಗೆ ಕೋಣೆಯಲ್ಲೋ ಇರುವ ಲಕ್ಷಾಂತರ ಜನ ಪ್ಯಾಕೆಟ್ಟನ್ನೇ ನಂಬಬೇಕಾಗುತ್ತದೆ ಎಂಬುದೂ ನಿಜ. ತಾವು ಕೊಳ್ಳುವುದರಲ್ಲಿ ಏನಿದೆಯೆಂದು ತಿಳಿಯುವ ಹಕ್ಕು ಅವರಿಗಿದೆ. ಪ್ರೋಬಯಾಟಿಕ್ ಎಂದು ಮಾರುವ ಆಹಾರದಲ್ಲಿ ದಿನದ ಪ್ರಮಾಣಕ್ಕೆ ಕನಿಷ್ಠ 10 ಕೋಟಿ ಜೀವಂತ ಸೂಕ್ಷ್ಮಾಣು ಇರಬೇಕೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ 2016ರ ನಿಯಮ ಹೇಳುತ್ತದೆ. ಸಾಮಾನ್ಯ ಮೊಸರು, ಮಜ್ಜಿಗೆ ಕೊಳ್ಳುವವರಿಗೂ ಎರಡು ಮಾಹಿತಿ ಸಿಗಬೇಕು: ಹುದುಗಿಸಿದ ನಂತರ ಮತ್ತೆ ಬಿಸಿ ಮಾಡಲಾಗಿದೆಯೇ, ಬಳಕೆಯ ಕೊನೆಯ ದಿನಕ್ಕೆ ಎಷ್ಟು ಬ್ಯಾಕ್ಟೀರಿಯಾ ಬದುಕಿರುತ್ತವೆ. ತಿಂಗಳುಗಟ್ಟಲೆ ಹೊರಗಿಟ್ಟರೂ ಕೆಡದ ಮಜ್ಜಿಗೆಯ ಡಬ್ಬಿಯನ್ನೂ ಎರಡು ದಿನದ ಪ್ಯಾಕೆಟ್ಟನ್ನೂ ಒಂದೇ ಎಂದು ಕೊಳ್ಳುವವರಿಗೆ ಈ ವ್ಯತ್ಯಾಸ ತಿಳಿಯುವ ಬೇರೆ ದಾರಿಯಿಲ್ಲ. ಸಹಕಾರಿ ಡೇರಿಗಳೂ ಖಾಸಗಿ ಕಂಪನಿಗಳೂ ಇದನ್ನು ಕನ್ನಡದಲ್ಲಿ, ಪ್ಯಾಕೆಟ್ಟಿನ ಮುಂಭಾಗದಲ್ಲೇ ಮುದ್ರಿಸಬೇಕು.