ಗಾಲ್ಫ್ ಚೀಲ, ಬೈನಾಕ್ಯುಲರ್ ಮತ್ತು ಪಾಪ್ವಾ

ಗಾಲ್ಫ್ ಅಂದ ಕೂಡಲೇ ಮೂಗು ಮುರಿಯೋರು ನಮ್ಮಲ್ಲಿ ಜಾಸ್ತಿ. ದುಡ್ಡಿದ್ದೋರ ಗೋಲಿಯಾಟ ಅಂತ ನಾನೂ ಎಷ್ಟೋ ವರ್ಷ ಅಂದ್ಕೊಂಡಿದ್ದೆ. ಆದ್ರೆ ಇವತ್ತಿನ ವಿಷಯ ಅದಲ್ಲ. ಮೊನ್ನೆ ನನ್ನ ಸ್ನೇಹಿತನೊಬ್ಬ ಒಂದು ಪ್ಲಾನ್ ಕಳಿಸಿದ. ದಕ್ಷಿಣ ಆಫ್ರಿಕಾ, ಹತ್ತು ದಿನ, ಏಳು ಗಾಲ್ಫ್ ಕೋರ್ಸು, ಜೊತೆಗೆ ಎರಡು ಸಫಾರಿ. ಕೆಳಗೆ ದಪ್ಪಕ್ಷರದಲ್ಲಿ "ಏನಂತೀಯ?" ಅಂತ ಬರೆದಿದ್ದ. ಏನನ್ನಲಿ? ಓದಿದ ತಕ್ಷಣ ಸಿಟ್ಟು ಬಂತು. ಯಾಕೆ ಅಂತ ಅವನಿಗೆ ಫೋನಲ್ಲಿ ಸರಿಯಾಗಿ ಹೇಳೋಕೆ ಆಗಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಲೆಕ್ಕಾಚಾರದ ಮಾತು. ಕಾಡುಪ್ರಾಣಿ ನೋಡೋಕೆ ಒಳ್ಳೇ ಹೊತ್ತು ಯಾವುದು? ಬೆಳಗಿನ ಜಾವ ಮತ್ತು ಸಂಜೆ. ಕಬಿನಿಗೆ ಒಂದು ಸಲ ಹೋದೋರಿಗೂ ಇದು ಗೊತ್ತು. ಗಾಲ್ಫ್ ಆಡೋರು ಇಷ್ಟಪಡೋ ಹೊತ್ತು ಯಾವುದು? ಅದೇ ಬೆಳಗಿನ ಜಾವ! ಹದಿನೆಂಟು ಹೋಲ್ ಮುಗಿಸೋಕೆ ನಾಲ್ಕೂವರೆ ಗಂಟೆ ಬೇಕು. ಅಂದ್ರೆ ಪ್ರತಿ ಬೆಳಗ್ಗೆ ಇವೆರಡರಲ್ಲಿ ಒಂದನ್ನ ಕೈಬಿಡಬೇಕು. ಏಳು ಬೆಳಗ್ಗೆ ಗಾಲ್ಫಿಗೆ ಕೊಟ್ಟ ಮೇಲೆ ಸಿಂಹ ಎಲ್ಲಿ ಸಿಗುತ್ತೆ? ಮಧ್ಯಾಹ್ನ ಪೊದೆಯ ನೆರಳಲ್ಲಿ ಮಲಗಿರೋ ಸಿಂಹದ ಕಿವಿ ತುದಿ ನೋಡ್ಕೊಂಡು ವಾಪಸ್ ಬರಬೇಕು ಅಷ್ಟೇ :-)

ಎರಡನೇದು ಋತು. ಅವನು ಹೋಗೋಣ ಅಂತಿರೋದು ಜೂನ್-ಜುಲೈನಲ್ಲಿ. ಅಲ್ಲಿ ಆಗ ಚಳಿಗಾಲ. ಕ್ರೂಗರ್ ನ್ಯಾಷನಲ್ ಪಾರ್ಕಿಗೆ ಅದು ಬಹಳ ಒಳ್ಳೇ ಕಾಲ. ಮಳೆ ಇರಲ್ಲ, ಎಲೆ ಉದುರಿರುತ್ತೆ, ಪ್ರಾಣಿಗಳು ನೀರು ಹುಡುಕ್ಕೊಂಡು ಬರ್ತವೆ, ಸೊಳ್ಳೆಯೂ ಕಡಿಮೆ. (ಆ ಕಡೆ ಮಲೇರಿಯಾ ಇದೆ. ಯಾವ ತಿಂಗಳಲ್ಲಿ ಹೋದ್ರೂ ಡಾಕ್ಟರನ್ನ ಕೇಳಿಯೇ ಹೋಗಿ.) ಆದ್ರೆ ಪ್ಲಾನಿನ ಅರ್ಧ ಭಾಗ ಕೇಪ್ ಟೌನ್ ಕಡೆ. ಅಲ್ಲಿ ಮಳೆ ಬೀಳೋದೇ ಚಳಿಗಾಲದಲ್ಲಿ! ಆಗುಂಬೆಯಲ್ಲಿ ಜುಲೈ ತಿಂಗಳು ಕ್ರಿಕೆಟ್ ಟೂರ್ನಮೆಂಟ್ ಇಟ್ಟ ಹಾಗೆ. ಅದೇ ಡರ್ಬನ್ ಕಡೆ ಹೋದ್ರೆ ಜೂನ್-ಜುಲೈ ಒಣ ಹವೆ, ಹಿತವಾದ ಬಿಸಿಲು. ಹಾಗಾಗಿ ಕ್ರೂಗರ್ ಜೊತೆ ಜೋಡಿಸಬೇಕಾಗಿದ್ದು ಡರ್ಬನ್ ಅನ್ನೋದು ನನ್ನ ವಾದ. ಡರ್ಬನ್ ಯಾಕೆ ಅನ್ನೋದಕ್ಕೆ ಇನ್ನೂ ದೊಡ್ಡ ಕಾರಣ ಇದೆ, ಅದಕ್ಕೆ ಆಮೇಲೆ ಬರ್ತೀನಿ.

ಮೂರನೇದು, ಯಾವ ಕೋರ್ಸು? ಪ್ಲಾನಿನಲ್ಲಿ ಮೊದಲು ಇದ್ದಿದ್ದು ಸನ್ ಸಿಟಿಯ ಲಾಸ್ಟ್ ಸಿಟಿ ಕೋರ್ಸು. ಅದರ ಹದಿಮೂರನೇ ಹೋಲಿನ ಗ್ರೀನು ಆಫ್ರಿಕಾ ಖಂಡದ ಆಕಾರದಲ್ಲಿದೆ, ಮುಂದೆ ನೀರಲ್ಲಿ ಮೊಸಳೆಗಳನ್ನ ಸಾಕಿದ್ದಾರೆ. ಫೋಟೋಗೆ ಚೆನ್ನಾಗಿದೆ. ಆದ್ರೆ ಗುಂಡಿಯಲ್ಲಿ ಸಾಕಿದ ಮೊಸಳೆ ನೋಡೋಕೆ ಅಷ್ಟು ದೂರ ಯಾಕ್ರೀ ಹೋಗ್ಬೇಕು? ಸನ್ ಸಿಟಿಗೆ ಒಂದು ಹಳೇ ಕತೆಯೂ ಇದೆ. 1979ರಲ್ಲಿ ಅದು ಶುರುವಾಗಿದ್ದು ಬೊಫುಥಟ್ಸ್ವಾನಾ ಅನ್ನೋ ನಾಮಕಾವಾಸ್ತೆ "ದೇಶ"ದಲ್ಲಿ. ಕಪ್ಪು ಜನರನ್ನ ಅವರದೇ ನೆಲದಲ್ಲಿ ಪರದೇಶಿಗಳನ್ನಾಗಿ ಮಾಡೋಕೆ ವರ್ಣಭೇದದ ಸರ್ಕಾರ ಹುಟ್ಟಿಸಿದ್ದ ದೇಶ ಅದು. ದಕ್ಷಿಣ ಆಫ್ರಿಕಾದಲ್ಲಿ ಜೂಜಿಗೆ ನಿಷೇಧ ಇದ್ದಾಗ ಅಲ್ಲಿ ಕ್ಯಾಸಿನೋ ನಡೀತಿತ್ತು. ಅಲ್ಲಿ ಹಾಡಲ್ಲ ಅಂತ 1985ರಲ್ಲಿ ಹಲವಾರು ಹೆಸರಾಂತ ಸಂಗೀತಗಾರರು ಒಟ್ಟಾಗಿ ಒಂದು ಹಾಡನ್ನೇ ಮಾಡಿದ್ರು. ಈಗ ಹೋಗೋದು ತಪ್ಪು ಅಂತ ನಾನು ಹೇಳ್ತಿಲ್ಲ. ಗೊತ್ತಿಟ್ಟುಕೊಂಡು ಹೋಗಿ ಅಂತೀನಿ.

ಎರಡನೇದು ಲೆಪರ್ಡ್ ಕ್ರೀಕ್. ಗ್ಯಾರಿ ಪ್ಲೇಯರ್ ವಿನ್ಯಾಸ ಮಾಡಿದ್ದು, 1996ರಲ್ಲಿ ಶುರುವಾಗಿದ್ದು. ಕ್ರೊಕೊಡೈಲ್ ನದಿಯ ಈ ದಡದಲ್ಲಿ ಕೋರ್ಸು, ಆ ದಡದಲ್ಲಿ ಕ್ರೂಗರ್. ಟೀವೀಲಿ ನೋಡಿದ್ದೀನಿ, ಚಂದ ಅನ್ನೋದರಲ್ಲಿ ಎರಡು ಮಾತಿಲ್ಲ. ಆದ್ರೆ ಅದು ಖಾಸಗಿ ಕ್ಲಬ್ಬು, ಹೋದೋರಿಗೆಲ್ಲಾ ಆಡೋಕೆ ಬಿಡಲ್ಲ. ಇಷ್ಟೆಲ್ಲಾ ಕಷ್ಟ ಯಾಕೆ, ಕ್ರೂಗರ್ ಒಳಗೇ ಸ್ಕುಕುಜಾದಲ್ಲಿ ಒಂಬತ್ತು ಹೋಲಿನ ಸಣ್ಣ ಕೋರ್ಸಿದೆ ನೋಡಿ! ಪಾರ್ಕಿನ ನೌಕರರಿಗೋಸ್ಕರ 1972ರಲ್ಲಿ ಮಾಡಿಕೊಂಡಿದ್ದು. ಬೇಲಿ ಇಲ್ಲ. ಜಿಂಕೆ ಜಾತಿಯ ಇಂಪಾಲಾಗಳು, ಕಾಡುಹಂದಿಗಳು ಹುಲ್ಲು ಮೇಯ್ತಾ ಇರ್ತವೆ. ಪಕ್ಕದ ನೀರಲ್ಲಿ ನೀರಾನೆಗಳಿವೆ. ಆಡೋಕೆ ಮುಂಚೆ "ಏನಾದ್ರೂ ಆದ್ರೆ ನಾನೇ ಹೊಣೆ" ಅಂತ ಸಹಿ ಹಾಕಬೇಕು. ನನಗಂತೂ ಆ ಸಹಿಯೇ ಇಷ್ಟ. ಯಾರ ಮನೆಗೆ ನಾವು ಬಂದಿದ್ದೀವಿ ಅನ್ನೋದು ಅಲ್ಲೇ ಗೊತ್ತಾಗಿಬಿಡುತ್ತೆ.

ಹೊತ್ತಿನ ಜಗಳಕ್ಕೂ ಇಲ್ಲೇ ಪರಿಹಾರ ಇದೆ. ಚಳಿಗಾಲದಲ್ಲಿ ಅಲ್ಲಿ ಮಧ್ಯಾಹ್ನದ ಬಿಸಿಲು ಹಿತವಾಗಿರುತ್ತೆ. ಬೆಳಗ್ಗೆ ಪ್ರಾಣಿ, ಮಧ್ಯಾಹ್ನ ಪ್ರಾಣಿಗಳು ನೆರಳಿಗೆ ಹೋದ ಮೇಲೆ ಒಂಬತ್ತು ಹೋಲು, ಸಂಜೆ ಮತ್ತೆ ಪ್ರಾಣಿ. ಒಂಬತ್ತಕ್ಕೆ ಎರಡೂವರೆ ಗಂಟೆ ಸಾಕು. ಕತ್ತಲಾಗೋಕೆ ಮುಂಚೆ ಅಲ್ಲಿಂದ ಹೊರಡಲೇಬೇಕು, ಯಾಕಂದ್ರೆ ನೀರಾನೆ ನೀರು ಬಿಟ್ಟು ಮೇಯೋಕೆ ಬರೋದು ರಾತ್ರಿ ಹೊತ್ತು. ಪಾರ್ಕಿನ ಡಾಂಬರು ರಸ್ತೆಯಲ್ಲಿ ಗಂಟೆಗೆ 50 ಕಿಲೋಮೀಟರ್, ಮಣ್ಣು ರಸ್ತೆಯಲ್ಲಿ 40, ಅದಕ್ಕಿಂತ ಜೋರಾಗಿ ಓಡಿಸೋ ಹಾಗಿಲ್ಲ. ಗೇಟು ಮುಚ್ಚೋ ಹೊತ್ತಿಗೆ ಕ್ಯಾಂಪಲ್ಲಿರಬೇಕು. ಇದನ್ನೆಲ್ಲಾ ಲೆಕ್ಕ ಹಾಕದೆ ಬರೀ ನಕ್ಷೆ ನೋಡಿ ಪ್ಲಾನ್ ಮಾಡಿದ್ರೆ ರಜೆಯೆಲ್ಲಾ ಕಾರಿನಲ್ಲೇ ಕಳೆದುಹೋಗುತ್ತೆ. (ಸಮಾಧಾನ ಏನಂದ್ರೆ ಅಲ್ಲೂ ನಮ್ಮ ಹಾಗೆ ಎಡಗಡೆಯೇ ಗಾಡಿ ಓಡಿಸೋದು.)

ನಿಯಮದ ಪುಸ್ತಕದಲ್ಲೂ ಪ್ರಾಣಿಗಳಿಗೆ ಜಾಗ ಇದೆ ಗೊತ್ತಾ? ಚೆಂಡಿನ ಹತ್ತಿರ ಅಪಾಯದ ಪ್ರಾಣಿ ಇದ್ರೆ ದಂಡವಿಲ್ಲದೆ ಸುರಕ್ಷಿತ ಜಾಗದಲ್ಲಿ ಚೆಂಡಿಟ್ಟು ಆಡಬಹುದು. ನಿಂತ ಚೆಂಡನ್ನ ಕೋತಿ ಎತ್ಕೊಂಡು ಹೋದ್ರೆ ಮೊದಲಿದ್ದ ಜಾಗದಲ್ಲೇ ಇನ್ನೊಂದನ್ನ ಇಡಬಹುದು. ಕೋತಿ ಜೊತೆ ಜಗಳ ಆಡಬೇಕಾಗಿಲ್ಲ :-)

ಈಗ ಡರ್ಬನ್ ವಿಷಯ.

ಸ್ಯೂಸಂಕರ್ ಸ್ಯೂಗೋಲಮ್ ಅಂತ ಒಬ್ಬರಿದ್ರು. ಎಲ್ಲರೂ "ಪಾಪ್ವಾ" ಅಂತ ಕರೀತಿದ್ರು. ಡರ್ಬನ್ನಿನ ಭಾರತೀಯ ಮೂಲದ ಬಡ ಕುಟುಂಬ. ಓದು ಬರಹ ಬರ್ತಿರಲಿಲ್ಲ. ಚಿಕ್ಕಂದಿನಲ್ಲೇ ಕ್ಯಾಡಿ, ಅಂದ್ರೆ ಬೇರೆಯವರ ಗಾಲ್ಫ್ ಚೀಲ ಹೊರೋ ಕೆಲಸ. ಆಟ ತಾನಾಗೇ ಕಲಿತಿದ್ದು, ಹಾಗಾಗಿ ಕೋಲು ಹಿಡಿಯೋ ರೀತಿಯೇ ಉಲ್ಟಾ. ಬಲಗೈ ಆಟಗಾರರು ಬಲಗೈ ಕೆಳಗಿಟ್ಟು ಹಿಡೀತಾರೆ, ಇವರು ಎಡಗೈ ಕೆಳಗಿಟ್ಟು ಹಿಡೀತಿದ್ರು. ಆ ಉಲ್ಟಾ ಹಿಡಿತದಲ್ಲೇ 1959ರಲ್ಲಿ ಡಚ್ ಓಪನ್ ಗೆದ್ರು. 1960ರಲ್ಲಿ ಮತ್ತೆ ಗೆದ್ರು. 1964ರಲ್ಲಿ ಮೂರನೇ ಸಲ.

1963ರಲ್ಲಿ ಡರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಟಾಲ್ ಓಪನ್ ಗೆದ್ದಾಗ ಏನಾಯ್ತು ಅನ್ನೋದನ್ನ ಕೇಳಿ. ಬಿಳಿಯರ ಕ್ಲಬ್ ಹೌಸಿನೊಳಗೆ ಭಾರತೀಯ ಕಾಲಿಡೋ ಹಾಗಿರಲಿಲ್ಲ. ಹೊರಗೆ ಮಳೆ. ಗೆದ್ದ ಮನುಷ್ಯನಿಗೆ ಆ ಮಳೆಯಲ್ಲೇ ನಿಲ್ಲಿಸಿ ಟ್ರೋಫಿ ಕೊಟ್ರು. ಸೋತವರು ಒಳಗೆ ಬೆಚ್ಚಗಿದ್ರು. ಆ ಸುದ್ದಿ ಪ್ರಪಂಚ ಎಲ್ಲಾ ಸುತ್ತಿತು. 1965ರಲ್ಲಿ ಅದೇ ನಟಾಲ್ ಓಪನ್ನನ್ನ ಮತ್ತೆ ಗೆದ್ರು, ಈ ಸಲ ಗ್ಯಾರಿ ಪ್ಲೇಯರನ್ನೇ ಹಿಂದೆ ಹಾಕಿ. ಆಮೇಲೆ ಸರ್ಕಾರ ಅವರಿಗೆ ಬಿಳಿಯರ ಪಂದ್ಯಾವಳಿಗಳ ಬಾಗಿಲು ಮುಚ್ಚಿತು, ಹೊರದೇಶಕ್ಕೆ ಹೋಗೋ ದಾರಿಯನ್ನೂ ಮುಚ್ಚಿತು. 1978ರಲ್ಲಿ ತೀರಿಕೊಂಡ್ರು, ಬಡತನದಲ್ಲೇ.

ಇದು ನನಗ್ಯಾಕೆ ಇಷ್ಟು ಚುಚ್ಚುತ್ತೆ ಅಂದ್ರೆ, ನಮ್ಮಪ್ಪ ಹುಡುಗನಾಗಿದ್ದಾಗ ಬೆಂಗಳೂರಿನ ಒಂದು ಕ್ಲಬ್ಬಿನಲ್ಲಿ ಚೀಲ ಹೊರ್ತಿದ್ರು. ಅಲ್ಲಿ ವರ್ಣಭೇದದ ಕಾನೂನೇನೂ ಇರಲಿಲ್ಲ. ಆದ್ರೂ ಕ್ಲಬ್ ಹೌಸಿನ ಮೆಟ್ಟಿಲ ತನಕ ಮಾತ್ರ ಚೀಲ, ಅಲ್ಲಿಂದ ಹಿಂದಿನ ಗೇಟು. ನಾಲ್ಕು ವರ್ಷ ಕೆಲಸ ಮಾಡಿದ್ರೂ ಒಳಗಿನ ನೆಲ ಕಲ್ಲಿಂದೋ ಮರದ್ದೋ ಅಂತ ಅವರಿಗೆ ಗೊತ್ತಿಲ್ಲ. ಇವತ್ತಿಗೂ ಟೀವೀಲಿ ಗಾಲ್ಫ್ ಬಂದ್ರೆ, ಆಟಗಾರ ಚೆಂಡು ತಳ್ಳೋಕೆ ಮುಂಚೆಯೇ "ಎಡಕ್ಕೆ ತಿರುಗತ್ತೆ" ಅಂತಾರೆ. ತಿರುಗುತ್ತೆ. ನಾನು ಸಂಬಳ ಬರೋಕೆ ಶುರುವಾದ ಮೇಲೆ ದುಡ್ಡು ಕೊಟ್ಟು ಕಲಿತ ಆಟವನ್ನ ಅವರು ನೋಡೇ ಕಲಿತವರು. ಇಷ್ಟಾಗಿಯೂ ಒಂದು ಸಲವೂ ಹದಿನೆಂಟು ಹೋಲ್ ಆಡಿಲ್ಲ.

ಈಗ ಕಾಲ ಬದಲಾಗಿದೆ, ಒಪ್ತೀನಿ. ಬಿಡದಿ ಹತ್ತಿರದ ಈಗಲ್‌ಟನ್ ಕೋರ್ಸಿನ ಪಕ್ಕದ ಹಳ್ಳಿಯ ಹುಡುಗ ಚಿಕ್ಕರಂಗಪ್ಪ ಇವತ್ತು ದೇಶದ ಹೆಸರಾಂತ ವೃತ್ತಿಪರ ಗಾಲ್ಫರ್. ಆದ್ರೆ ಒಬ್ಬ ಚಿಕ್ಕರಂಗಪ್ಪ ಮೇಲೆ ಬಂದ ಅಂತ ಚೀಲ ಹೊತ್ತವರೆಲ್ಲರ ಲೆಕ್ಕ ಚುಕ್ತಾ ಆಗಲ್ಲ ಅಲ್ವಾ?

ಕಾಡಿನ ವಿಷಯದಲ್ಲೂ ಹೀಗೇ. ಕ್ರೂಗರ್ ಅಂದ್ರೆ ಮನುಷ್ಯರೇ ಇಲ್ಲದ ಅಪ್ಪಟ ಕಾಡು ಅಂತ ಬ್ರೋಷರಿನಲ್ಲಿ ಬರೀತಾರೆ. ಅದರ ಉತ್ತರದ ಪಫುರಿ ಭಾಗದಲ್ಲಿ ಮಕುಲೆಕೆ ಜನ ಇದ್ರು. 1969ರಲ್ಲಿ ಅವರನ್ನ ಎಬ್ಬಿಸಿ ಓಡಿಸಿದ್ರು. ವರ್ಣಭೇದ ಮುಗಿದ ಮೇಲೆ, 1998ರಲ್ಲಿ ಆ ನೆಲ ಅವರ ಹೆಸರಿಗೆ ವಾಪಸ್ ಬಂತು. ಅದನ್ನ ಅವರು ಉಳುಮೆಗೆ ತಗೊಳ್ಳಲಿಲ್ಲ, ಕಾಡಾಗೇ ಉಳಿಸಿ ಪ್ರವಾಸಿಗರಿಂದ ಆದಾಯ ಮಾಡ್ಕೋತಿದ್ದಾರೆ. ನಾಗರಹೊಳೆಯ ಜೇನುಕುರುಬರ ಬಗ್ಗೆ ಮಾತು ಬಂದಾಗ "ಜನ ಬೇಕಾ, ಕಾಡು ಬೇಕಾ" ಅಂತ ಕೇಳೋರು ಇದನ್ನ ಒಂಚೂರು ಓದ್ಕೋಬೇಕು.

ಹಾಗಾಗಿ ನನ್ನ ಪ್ಲಾನು ಇದು. ಜೊಹಾನ್ಸ್‌ಬರ್ಗಿನಲ್ಲಿ ಒಂದು ದಿನ, ಒಂದು ಆಟ. (ಅದು ಸಮುದ್ರಮಟ್ಟದಿಂದ ಸುಮಾರು 1,750 ಮೀಟರ್ ಎತ್ತರ. ಗಾಳಿ ತೆಳು, ಚೆಂಡು ದೂರ ಹೋಗುತ್ತೆ. ಒಂದು ದಿನವಾದ್ರೂ ನಾವು ದೊಡ್ಡ ಆಟಗಾರರು ಅನ್ನಿಸಲಿ!) ಕ್ರೂಗರಿನಲ್ಲಿ ಐದು ದಿನ, ಸ್ಕುಕುಜಾದಲ್ಲಿ ಒಂದು ಮಧ್ಯಾಹ್ನ. ಡರ್ಬನ್ನಿನಲ್ಲಿ ಮೂರು ದಿನ. ಅಲ್ಲಿ ಪಾಪ್ವಾ ಹೆಸರಿಟ್ಟ ಒಂದು ಕೋರ್ಸಿದೆ. ಆಡೋಕೆ ತೆರೆದಿದ್ಯಾ ಅಂತ ಮೊದಲು ವಿಚಾರಿಸ್ಕೋಬೇಕು, ತೆರೆದಿಲ್ಲದಿದ್ರೂ ಗೇಟಿನ ತನಕ ಹೋಗಿ ಬರೋದೇ. ಎಲ್ಲೇ ಆಡಿದ್ರೂ ಬ್ಯಾಟರಿ ಗಾಡಿ ಬೇಡ, ಕ್ಯಾಡಿಯನ್ನ ಕರ್ಕೊಳ್ಳೋಣ, ಅವನ ಹೆಸರು ಕೇಳೋಣ, ಕೈತುಂಬ ಕೊಡೋಣ. ನಾವು ಕೊಡೋ ದುಡ್ಡು ನೇರವಾಗಿ ಒಂದು ಮನೆಗೆ ಹೋಗೋದು ಇಡೀ ಪ್ರವಾಸದಲ್ಲಿ ಅಲ್ಲೊಂದೇ ಕಡೆ.

ಬಿಟ್ಟ ನಾಲ್ಕು ಕೋರ್ಸಿನ ಫೀಸು, ಕೇಪ್ ಟೌನಿನ ವಿಮಾನ, ಹೋಟೆಲು ಎಲ್ಲಾ ಕೂಡಿದ್ರೆ ಇನ್ನೊಂದು ಟಿಕೆಟ್ಟಿನ ದುಡ್ಡು ಹತ್ತಿರ ಹತ್ತಿರ ಉಳಿಯುತ್ತೆ. ಆ ಟಿಕೆಟ್ ಅಪ್ಪನಿಗೆ. ಸ್ನೇಹಿತ ಕೇಳಿದ: "ವಯಸ್ಸಾದವರನ್ನ ಕರ್ಕೊಂಡು ಹೋದ್ರೆ ಆಟಕ್ಕೆ ತೊಂದರೆ ಆಗಲ್ವಾ?" ತೊಂದರೆ ಆಗಲಿ ಬಿಡು ಅಂದೆ. ಅಪ್ಪನಿಗೆ ಇನ್ನೂ ಹೇಳಿಲ್ಲ. ಹೇಳಿದ್ರೆ ಮೊದಲು ಕೇಳೋದು "ಎಷ್ಟು ಖರ್ಚು?" ಅಂತಲೇ. ಸ್ಕುಕುಜಾದಲ್ಲಿ ಒಂಬತ್ತು ಹೋಲು ಅವರು ಆಡಬೇಕು, ಚೀಲ ನಾನು ಹೊರಬೇಕು ಅನ್ನೋದು ಆಸೆ. ಮುಗಿದ ಮೇಲೆ ಕ್ಲಬ್ ಹೌಸಿನೊಳಗೆ ಕೂತು ಟೀ.

ನಿಮ್ಮಲ್ಲಿ ಯಾರಾದ್ರೂ ಆ ಕಡೆ ವಯಸ್ಸಾದವರನ್ನ ಕರ್ಕೊಂಡು ಹೋಗಿ ಬಂದಿದ್ರೆ ತಿಳಿಸಿ. ಬೆಳಗಿನ ಜಾವ ತೆರೆದ ಜೀಪಲ್ಲಿ ಚಳಿ ತಡಕೊಳ್ಳೋಕೆ ಆಗುತ್ತಾ? ಊಟ ಹೇಗೆ? ಅಪ್ಪನಿಗೆ ರಾತ್ರಿ ಅನ್ನ-ಸಾರು ಇಲ್ಲದಿದ್ರೆ ನಿದ್ದೆ ಬರಲ್ಲ. ಡರ್ಬನ್ನಿನಲ್ಲಿ ಅನ್ನಕ್ಕೇನೂ ಕೊರತೆ ಇರಲ್ಲ ಅಂದ್ಕೊಂಡಿದ್ದೀನಿ, ಕ್ರೂಗರಿನದೇ ಯೋಚನೆ.