ಯಾರು ಹೇಳಿದರು, ಎಲ್ಲಿ ಹೇಳಿದರು?

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಯ ನಮ್ಮ ಮನೆಗಳಲ್ಲಿ ನೌಕರಿ, ಮಕ್ಕಳು, ಅಡಿಗೆ ಎಲ್ಲವನ್ನೂ ತೂಗಿಸಿಕೊಂಡು ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದಲ್ಲಿ ಸಂಶೋಧನೆ ನಡೆಸುವ ಸೋದರ ಸೋದರಿಯರಿದ್ದಾರೆ. ಅವರಲ್ಲಿ ಹಲವರ ಲೇಖನಿ ತಡೆಯುವುದು ಪೂರ್ವಾಧ್ಯಯನಗಳ ಸಮೀಕ್ಷೆಯ ಹತ್ತಿರ. ತನಗಿಂತ ಮೊದಲು ಈ ವಿಷಯವಾಗಿ ಯಾರು ಏನು ಹೇಳಿದ್ದಾರೆ, ಎಲ್ಲಿ ಹೇಳಿದ್ದಾರೆ ಎಂದು ತೋರಿಸಬೇಕಾದ ಅಧ್ಯಾಯ ಅದು.

ನಮ್ಮಂಥ ಗುಮಾಸ್ತರಿಗೆ ಇದೇನೂ ಹೊಸ ವಿದ್ಯೆಯಲ್ಲ. ಕಚೇರಿಯ ಪತ್ರದಲ್ಲಿ ‘ವಿಷಯ’ದ ಕೆಳಗೆ ‘ಸಂದರ್ಭ’ವೆಂದು ಬರೆದು ಹಿಂದಿನ ಪತ್ರದ ಅಂಕೆ, ತಾರೀಖು ಕೊಡದಿದ್ದರೆ ಸಾಹೇಬರು ಸಹಿ ಹಾಕುವುದುಂಟೆ? ‘ಈ ಹಿಂದೆಯೇ ತಿಳಿಸಲಾಗಿದೆ’ ಎಂದಷ್ಟೇ ಬರೆದರೆ ಯಾವ ಕಡತ ತೆಗೆಯುವುದು?

ಪೂರ್ವಕವಿಗಳನ್ನು ನೆನೆಯುವ ಪದ್ಧತಿ ಕನ್ನಡದಲ್ಲಿ ಬಹಳ ಹಳೆಯದು. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ವು ವಿಮಲೋದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರನ್ನು ಗದ್ಯಕಾರರೆಂದು ಹೆಸರಿಸುತ್ತದೆ, ಅವರು ಬರೆದ ಗ್ರಂಥ ಯಾವುದೆಂದು ಹೇಳುವುದಿಲ್ಲ. ಆ ಗದ್ಯದಲ್ಲಿ ಒಂದೂ ನಮ್ಮ ಕೈಗೆ ಬಂದಿಲ್ಲ. ಗ್ರಂಥಗಳ ಹೆಸರಾದರೂ ಉಳಿದಿದ್ದರೆ! ಅಷ್ಟು ಹಿಂದಿನವರನ್ನು ದೂರುವುದು ನ್ಯಾಯವಲ್ಲ, ಬಿಡಿ. ಆದರೆ ಇಂದಿನ ಪ್ರಬಂಧದಲ್ಲಿಯೂ ‘ಬೇಂದ್ರೆಯವರು ಹೇಳುವಂತೆ’ ಎಂದು ಬರೆದು, ಪುಸ್ತಕವಿಲ್ಲ, ಪುಟವಿಲ್ಲ, ಮುಂದೆ ಸಾಗಿಬಿಡುತ್ತಾರಲ್ಲ, ಅದಕ್ಕೇನೆನ್ನೋಣ?

ಕನ್ನಡದ ತೊಡಕುಗಳು ಬೇರೆ ಇವೆ. ಎ.ಪಿ.ಎ. ಎಂಬ ಅಮೆರಿಕದ ಪದ್ಧತಿ ಮನೆತನದ ಹೆಸರನ್ನು ಮೊದಲು ಕೇಳುತ್ತದೆ. ‘ಬೇಂದ್ರೆ, ದ. ರಾ.’ ಎಂದರೆ ಸರಿಹೋಯಿತು. ಮಾಸ್ತಿಯವರನ್ನೇನು ಮಾಡೋಣ? ಮಾಸ್ತಿ ಊರ ಹೆಸರು. ‘ಅಯ್ಯಂಗಾರ್’ ಎಂದು ಅಕಾರದ ಕೆಳಗೆ ಇಟ್ಟರೆ ಯಾವ ಕನ್ನಡಿಗ ಅಲ್ಲಿ ಹುಡುಕುತ್ತಾನೆ? ಓದುಗರು ಬಲ್ಲ ಹೆಸರಿನಲ್ಲಿಯೇ ಇಡುವುದು ಲೇಸೆಂದು ನನ್ನ ಎಣಿಕೆ. ಕುವೆಂಪು ಒಂದು ಕಡೆ, ಪುಟ್ಟಪ್ಪ ಇನ್ನೊಂದು ಕಡೆ ಆಗಬಾರದು, ಅಷ್ಟೆ. ಮಾರ್ಗದರ್ಶಕರನ್ನು ಮೊದಲೇ ಕೇಳಿಕೊಳ್ಳಿ.

ಇನ್ನು ವರ್ಷ. ಹಳೆಯ ಪುಸ್ತಕದಲ್ಲಿ ಬರಿಯ ಸಂವತ್ಸರವಿದ್ದರೆ ಎಚ್ಚರ. ಅದು ಅರವತ್ತು ವರ್ಷಕ್ಕೊಮ್ಮೆ ಮರಳುತ್ತದೆ. ವಿಶ್ವಾವಸು 1905ರಲ್ಲಿ ಬಂತು, 1965ರಲ್ಲಿ ಬಂತು, 2025ರಲ್ಲಿಯೂ ಬಂತು. ಜೊತೆಗೆ ಶಕವರ್ಷವಿದ್ದರೆ 78 ಕೂಡಿಸಿ, ಇಸವಿ ಸಿಗುತ್ತದೆ. ಮರುಮುದ್ರಣದಲ್ಲಿ ಪುಟಗಳು ಬದಲಾಗುವುದರಿಂದ ನೀವು ಓದಿದ ಮುದ್ರಣವನ್ನೇ ಹೇಳಿ.

ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ವಿಶ್ವವಿದ್ಯಾಲಯ ಅನುದಾನ ಆಯೋಗದ 2018ರ ನಿಯಮದಂತೆ ಪರರ ಬರಹದೊಡನೆ ಹೋಲಿಕೆ ನೂರಕ್ಕೆ 10ರವರೆಗೆ ಇದ್ದರೆ ದಂಡವಿಲ್ಲ. 60ನ್ನು ಮೀರಿದರೆ ಸಂಶೋಧಕನ ನೋಂದಣಿಯೇ ರದ್ದು. ಮೂಲವನ್ನು ಸರಿಯಾಗಿ ಹೇಳಿ ಉದ್ಧರಿಸಿದ್ದು ಆ ಲೆಕ್ಕಕ್ಕೆ ಸೇರದು. ಆದಕಾರಣ ಪುಸ್ತಕ ಹಿಂದಿರುಗಿಸುವ ಮೊದಲೇ ಲೇಖಕ, ಪ್ರಕಾಶಕ, ಊರು, ಇಸವಿ, ಮುದ್ರಣ, ಪುಟ ಇವನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಒಂದು ಪುಟಸಂಖ್ಯೆಗಾಗಿ ಕಲ್ಯಾಣದಿಂದ ಹೊರಟು ಕುರ್ಲಾದಲ್ಲಿಳಿದು ಕಲೀನಾ ಮುಟ್ಟಿ ಬರುವುದೆಂದರೆ ಒಂದು ದಿನದ ರಜೆ ಹೋದಂತೆಯೇ!